ಮೂರನೇ ಗುಂಡು

ಆರಿಕ್ಕಾಡಿ ಕೋಟೆಯ ಕೆಳಗೆ, ಹೊಳೆ ಅಗಲವಾಗುವಲ್ಲಿ
ಒಂದು ಕಲ್ಲು ಉಂಟು. ಇಳಿತಕ್ಕೆ ಸೊಂಟದವರೆಗೆ ಕಾಣುತ್ತದೆ,
ಭರತಕ್ಕೆ ನೆತ್ತಿ ಮಾತ್ರ.
ಅದು ಚಿರುತೆ, ಅಂದಿದ್ದಳು ಅಜ್ಜಿ, ಗಂಜಿಗೆ ಉಪ್ಪು ಹಾಕುತ್ತ.
ಕಡವಿನ ಹುಡುಗಿ. ಇಕ್ಕೇರಿಯಿಂದ ಬಂದ ಫಿರಂಗಿಯವ ಮುರಿಗೆಪ್ಪ
ಘಟ್ಟ ಹತ್ತುವ ಮುಂಚೆ ಹೇಳಿಹೋದನಂತೆ:
ಕೋಟೆಯಿಂದ ಮೂರು ಗುಂಡು ಹಾರಿದರೆ
ನಾನು ಬಂದೆನೆಂದು ತಿಳಿ, ದೋಣಿ ತಾ.
ಎರಡು ಹಾರಿದವು.
"ಮತ್ತೆ?" ಅಂದೆ.
"ಮತ್ತೆಂತ, ಕಲ್ಲಾದಳು. ಉಣ್ಣು."

ಐವತ್ತೆರಡು ವರ್ಷದ ಮೇಲೆ
ಅದನ್ನು ಕಾದಂಬರಿ ಮಾಡಲು ಕೂತಿದ್ದೇನೆ,
ರಿಜಿಸ್ಟ್ರಾರ್ ಕಚೇರಿಯ ಎದುರು ಆಧಾರ ಬರೆದೇ ಸವೆದ ಕೈ,
ಪೂರ್ವಕ್ಕೆ ಕುಞಂಬುವಿನ ಗದ್ದೆ, ಪಶ್ಚಿಮಕ್ಕೆ ತೋಡು ಎಂದು
ಜನ್ಮವಿಡೀ ಕಂಡವರ ಗಡಿ ಬರೆದದ್ದು.
ಹಾಳಾದ ಮುದ್ರಪತ್ರಗಳ ಬೆನ್ನಿನ ಮೇಲೆ ಈಗ ಪ್ರೇಮ.

ಸುಲಭವಲ್ಲ.
ಮೊದಲ ಅಧ್ಯಾಯದಲ್ಲೇ ಮುರಿಗೆಪ್ಪನ ಕೈಗೆ ಚಹಾ ಕೊಟ್ಟುಬಿಟ್ಟಿದ್ದೆ;
ನಡುರಾತ್ರಿ ಎದ್ದು ಕಸಿದುಕೊಂಡು ಬೆಲ್ಲ ನೀರು ಕೊಟ್ಟೆ.
ಚಿರುತೆಗೆ ಬಾಯಾರಿದಾಗ ಏನೆಂದು ಕೇಳಬೇಕು?
ತುಳುವಿನ ನೀರೋ, ಮಲೆಯಾಳದ ವೆಳ್ಳವೋ?
ಒಂದಿಡೀ ವಾರ ಬಾಯಾರಿಯೇ ಕೂತಳು, ಪಾಪ,
ನಾನು ತೀರ್ಮಾನಿಸುವವರೆಗೆ.

ಮಂಗಳೂರಿನ ಪ್ರಕಾಶಕರು ಫೋನಿನಲ್ಲಿ:
"ಹೆಸರು ಗಡುಸಾಯಿತು ಮೇಡಂ, ಚಾರುಲತೆ ಮಾಡಿ.
ಮೂರನೇ ಅಧ್ಯಾಯದಲ್ಲಿ ಒಂದು ಮುತ್ತು ಇರಲಿ.
ಕೊನೆಗೆ ಮದುವೆ, ಇಲ್ಲವಾದರೆ ಸಾವು.
ನಡುವಿನದು ಯಾವುದೂ ಖರ್ಚಾಗುವುದಿಲ್ಲ."

ಮುತ್ತು ಹುಡುಕಿಕೊಂಡೇ ಹೊಳೆಗೆ ಇಳಿದೆ ಅನ್ನಿ.
ಕಲ್ಲಿನ ಮೈತುಂಬ ಮುರು.
ಪೂವಕ್ಕ ಉಳಿ ಹಿಡಿದು, ಬೆರಳಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿ,
ಚಿರುತೆಯ ಬೆನ್ನಿನಿಂದ ಒಂದೊಂದೇ ಎಬ್ಬಿಸಿ
ಬುಟ್ಟಿಗೆ ಹಾಕುತ್ತಿದ್ದಳು.
"ಇದರಲ್ಲಿ ಮುತ್ತು ಸಿಗುತ್ತದಾ?"
"ನಲವತ್ತು ವರ್ಷದಲ್ಲಿ ನಾನು ಕಂಡದ್ದಿಲ್ಲ. ಮಾಂಸ ಉಂಟು."

ಕತೆ ಹೇಳಿದೆ. ಅವಳಿಗೂ ಗೊತ್ತಿದ್ದದ್ದೇ,
ಆದರೂ ನನ್ನ ಸಿಂಗಾರವೆಲ್ಲ ಸೇರಿಸಿ:
ಬೆಳದಿಂಗಳು, ಮದ್ದಿನ ವಾಸನೆಯ ಅವನ ಅಂಗೈ, ಅವಳ ಕಣ್ಣು.
ಉಳಿ ನಿಲ್ಲಿಸದೆ ಕೇಳಿದಳು:
"ದೋಣಿ ಯಾರದ್ದು?"
"ಚಿರುತೆಯದ್ದು."
"ಹುಟ್ಟು?"
"ಅದೂ ಅವಳದ್ದೇ."
"ಮತ್ತೆ ಅವಳಿಗೆಂತ ಗುಂಡು ಎಣಿಸುವ ಕೆಲಸ?"

ಭರತ ಏರುತ್ತಿತ್ತು. ನನ್ನಲ್ಲಿ ಉತ್ತರ ಇರಲಿಲ್ಲ,
ಇನ್ನೂರ ಎಂಬತ್ತು ಪುಟ ಇತ್ತು.

ರಾತ್ರಿ ಕೊನೆಯ ಅಧ್ಯಾಯ ಹರಿದೆ.
ಮದುವೆ ಬರೆಯಲಿಲ್ಲ, ಸಾವೂ ಬರೆಯಲಿಲ್ಲ;
ಬರುತ್ತಿದ್ದದ್ದು ಒಂದೇ ಬರವಣಿಗೆ, ಅದನ್ನೇ ಬರೆದೆ:

ಚಿರುತೆ ಎಂಬವಳು, ಕಡವು ನಡೆಸುವವಳು,
ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆಸಿದ ಆಧಾರ.
ಹಲಸಿನ ಮರದ ದೋಣಿ ಒಂದು. ಹುಟ್ಟು ಎರಡು.
ಚಕ್ಕುಬಂದಿ: ಪೂರ್ವಕ್ಕೆ ಮುರಿಗೆಪ್ಪ ಹತ್ತಿಹೋದ ಘಟ್ಟ,
ತೆಂಕಕ್ಕೆ ಮೊಗ್ರಾಲು, ಬಡಗಕ್ಕೆ ಶಿರಿಯ,
ಪಶ್ಚಿಮಕ್ಕೆ ಗಡಿಯಿಲ್ಲ.

ಎರಡನೇ ಗುಂಡಿನ ಹೊಗೆ ಕರಗುವ ಮೊದಲೇ ಹಗ್ಗ ಬಿಚ್ಚಿದಳು.
ಎತ್ತ ಹೋದಳೋ ನನಗೂ ತಿಳಿಯದು:
ಅವನನ್ನು ಹುಡುಕಿ ಮೇಲಕ್ಕೋ, ಬಲೆ ಬೀಸಲು ಅಳಿವೆಗೋ.
ಪ್ರೀತಿ ಇತ್ತು. ಅದನ್ನು ನಾನು ಹೊಡೆದುಹಾಕಲಿಲ್ಲ.
ಮೂರನೇ ಅಧ್ಯಾಯದ ಮುತ್ತೂ ಹಾಗೇ ಉಂಟು,
ಕೊಟ್ಟದ್ದು ಅವಳು ಎಂದು ತಿದ್ದಿದ್ದೇನೆ, ಅಷ್ಟೆ.

ಹಾಗಾದರೆ ಹೊಳೆಯಲ್ಲಿ ಇಷ್ಟು ಕಾಲ
ಕಲ್ಲಾಗಿ ನಿಂತದ್ದು ಯಾರು?
ಪೂವಕ್ಕನನ್ನು ಕೇಳಬೇಕು,
ನಾಡಿದ್ದು, ಇಳಿತಕ್ಕೆ.