ಖಾಲಿ ಕೋಣೆಯ ಸದ್ದು

ಸಾಫಿ ಬಂದರಿನ ಹಿಂದೆ, ಸಾರ್ಡೀನ್ ಕಾರ್ಖಾನೆಯ ಹೆಂಗಸರು
ಪಾಳಿ ಬಿಟ್ಟು ಬಂದು ಕೂರುವ ಕೋಣೆ.
ನಮ್ಮದು ಎರವಲು ಕ್ಯಾಮೆರಾ, ದಾನದ ದೀಪ,
ಮೈಕಿಗೆ ಪೊರಕೆಯ ಕೋಲು.

ಇತ್ತೊ, ಮೂವತ್ತು ವರ್ಷ ಮೀನಿನ ತಲೆ ಮುರಿದವಳು,
ಕೇಳಿದ್ದಕ್ಕೆಲ್ಲ ಒಂದೇ ಉತ್ತರ:
'ಚೆನ್ನಾಗಿದ್ದೇವೆ. ದೇವರು ದೊಡ್ಡವನು.'
ಹಣ ಕೊಟ್ಟವರ ಪತ್ರ ಜೇಬಿನಲ್ಲಿ ಚುಚ್ಚುತ್ತಿತ್ತು:
ದನಿಯಿಲ್ಲದವರಿಗೆ ದನಿಯಾಗಿ.

ಕ್ಯಾಮೆರಾ ನಿಲ್ಲಿಸಿದೆವು.
ನನ್ನ ಕಸುಬಿನ ರೂಢಿ: ಮಾತು ಮುಗಿದ ಮೇಲೆ
ಖಾಲಿ ಕೋಣೆಯ ಸದ್ದನ್ನೂ ಒಂದು ನಿಮಿಷ ಹಿಡಿಯಬೇಕು.
'ಯಾರೂ ಉಸಿರೆತ್ತಬೇಡಿ' ಎಂದೆ.

ಫ್ರಿಜ್ಜಿನ ಗುಂಯ್.
ಹೊರಗೆ ಕಡಲಹಕ್ಕಿ, ಯಾರದೋ ಮೊಪೆಡ್ಡು.
ಆಮೇಲೆ ಅವಳು, ನೆಲ ನೋಡುತ್ತ,
ಅರಬಿ ಬಿಟ್ಟು ಅಮ್ಮನ ನುಡಿಯಲ್ಲಿ:
'ನನ್ನ ಮೊದಲ ಮಗು ಹುಟ್ಟಿದ್ದು ಐಸಿನ ಕೋಣೆಯ ಪಕ್ಕ.
ಅರ್ಧ ದಿನದ ಕೂಲಿ ಮುರಿದರು.'

'ನನಗೆ ಇಡೀ ದಿನ' ಎಂದಳು ಯಾಮ್ನಾ.
ಯಾರೋ ಕಿಸಕ್ಕೆಂದರು.
ಆಮೇಲೆ ತಡೆಯಲಾಗಲಿಲ್ಲ,
ಎಣ್ಣೆಗೆ ನೀರು ಬಿದ್ದಂಥ ನಗು.

ನಿಮಿಷ ಕೆಟ್ಟಿತು.
ಹೆಡ್‌ಫೋನ್ ಅವಳ ಕಿವಿಗಿಟ್ಟು ಕೇಳಿದೆ:
ಇಟ್ಟುಕೊಳ್ಳಲೇ, ಅಳಿಸಲೇ?

ಕಣ್ಣು ಮುಚ್ಚಿ ಕೊನೆತನಕ ಕೇಳಿದಳು.
ನಂತರ ಕತ್ತಿನ ಮಫ್ಲರ್ ಸರಿಮಾಡಿಕೊಂಡು,
'ಇನ್ನೊಮ್ಮೆ ಹೇಳುತ್ತೇನೆ' ಎಂದಳು.
'ಮೊದಲು ಆ ಫ್ರಿಜ್ಜು ಆರಿಸಿ.'