ಹದಿನೇಳನೇ ಪ್ರಶ್ನೆ

ಒಂಬತ್ತು ವರ್ಷ ಅದೇ ಅರ್ಜಿ, ಅದೇ ನೀಲಿ ಪೆನ್ನು.
ಕಣ್ಣು, ಕಿವಿ, ರಕ್ತದೊತ್ತಡ, ಸಕ್ಕರೆ,
ಬಣ್ಣದ ಚುಕ್ಕಿಗಳ ನಡುವೆ ಅಡಗಿ ಕೂತ ಅಂಕಿ,
ಎಲ್ಲ ದಾಟಿದ ಮೇಲೆ ಹದಿನೇಳನೇ ಪ್ರಶ್ನೆ:
ನಿದ್ದೆಗೇಡು, ಮಂಕು, ಕಾರಣವಿಲ್ಲದ ಭಯ ಉಂಟೇ?
‘ಇಲ್ಲ’ದ ಚೌಕಕ್ಕೆ ಟಿಕ್ ಹಾಕಿ
ಆಕಾಶಕ್ಕೆ ಹೋಗುತ್ತಿದ್ದೆ.
ಎಲ್ಲರೂ ಹಾಗೇ ಹಾಕುತ್ತಿದ್ದರು.
ಹಾಕುವಾಗ ಯಾರೂ ಯಾರ ಮುಖ ನೋಡುತ್ತಿರಲಿಲ್ಲ.

ಈ ಮಾರ್ಚಿನಲ್ಲಿ ಪೆನ್ನು ಪಕ್ಕದ ಚೌಕಕ್ಕೆ ಸರಿಯಿತು.
ಧೈರ್ಯವೆಂದು ಹೇಳಲಾರೆ.
ಹಿಂದಿನ ರಾತ್ರಿ ದೋಹಾದಿಂದ ಬರುವಾಗ
ಮೂವತ್ತೇಳು ಸಾವಿರ ಅಡಿಯಲ್ಲಿ,
ಎದುರಿನ ಅಂಕಿಗಳೆಲ್ಲ ಹಸಿರಾಗಿರುವಾಗ,
ತೊಡೆಯ ಮೇಲಿದ್ದ ಕೈ ಯಾರದೋ ಅನಿಸಿ
ಅದನ್ನೇ ನೋಡುತ್ತ ಕೂತಿದ್ದೆ, ಹನ್ನೊಂದು ನಿಮಿಷ.
ಪಕ್ಕದ ಕ್ಯಾಪ್ಟನ್ ‘ಕಾಫಿ?’ ಅಂದರು.
‘ಸಾಕು’ ಅಂದೆ. ಅಷ್ಟೇ ನಡೆದದ್ದು.
ವರದಿಯಲ್ಲಿ ಬರೆಯುವಂಥದ್ದೇನೂ ಇಲ್ಲ.

ಈಗ ಕಾರವಾರ. ಬೈತಖೋಲದ ಓಣಿ.
‘ತಾತ್ಕಾಲಿಕವಾಗಿ ಅನರ್ಹ’ ಎಂಬ ಕಾಗದ
ಅಮ್ಮನ ಕಪಾಟಿನಲ್ಲಿ, ರೇಷನ್ ಕಾರ್ಡಿನ ಕೆಳಗೆ.
ಆಚೆಮನೆ ಸುಗಂಧಕ್ಕ ‘ರಜೆಯನೇ ತಂಗೀ, ಎಷ್ಟು ದಿನ?’ ಅಂದರೆ
ನಾನು ಬಾಯಿ ತೆರೆಯುವ ಮೊದಲೇ ಅಮ್ಮ:
‘ಬೆನ್ನು ನೋವಂತೆ.’
ಬೆನ್ನಿಗೆ ಮರ್ಯಾದೆ ಇದೆ.
ಬೆನ್ನಿಗೆಂದು ಮೂರು ಮನೆಯಿಂದ ಎಣ್ಣೆ ಬಂದಿದೆ.

ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಅರ್ಧ.
ವಾರಕ್ಕೊಮ್ಮೆ ಫೋನಿನಲ್ಲಿ ಡಾಕ್ಟರು:
‘ಮೇಲೆ ಹೋದಾಗ ಭಯವೇ?’
‘ಇಳಿದ ಮೇಲೆ, ಸರ್.
ಹೊಟೇಲಿನ ಪರದೆ ಎಳೆದು ಮಧ್ಯಾಹ್ನವನ್ನು ರಾತ್ರಿ ಮಾಡಿದ ಮೇಲೆ.
ಎದ್ದು, ಇದು ಯಾವ ಊರೆಂದು
ಸಾಬೂನಿನ ಹೊದಿಕೆ ಓದಿ ತಿಳಿದ ಮೇಲೆ.’

ಜೊತೆಗೆ ತರಬೇತಿ ಪಡೆದ ನೂರೈನ್
ನಡುರಾತ್ರಿ ಒಂದು ಮೆಸೇಜು ಕಳಿಸಿ
ನಾನು ನೋಡುವುದರೊಳಗೆ ಅಳಿಸಿದಳು.
ಅಳಿಸಲಾಗಿದೆ ಎಂಬ ಸಾಲು ಉಳಿದಿದೆ.
ಅದನ್ನು ದಿನಾ ಓದುತ್ತೇನೆ.

ಸಂಜೆ ಹೆದ್ದಾರಿ ಬದಿಗೆ ನಡಿಗೆ.
ಕಡಲದಂಡೆಯಲ್ಲಿ ನೌಕಾಪಡೆಯ ಹಳೇ ವಿಮಾನ,
ಹೊಟ್ಟೆಗೆ ಮೆಟ್ಟಿಲು, ಸುತ್ತ ಬೇಲಿ.
ಟಿಕೆಟ್ ತೆಗೆದ ಜನ ಒಳಹೊಕ್ಕು ಬರುತ್ತಾರೆ.
ಅಲ್ಲೊಬ್ಬ ಶೇಂಗಾ ಮಾರುವವನಿದ್ದಾನೆ,
ಅದಕ್ಕೇ ಹೋಗುತ್ತೇನೆಂದು ನನಗೇ ಹೇಳಿಕೊಂಡಿದ್ದೇನೆ.
ಒಂದು ಹುಡುಗ ಕೇಳಿತು: ‘ಅಪ್ಪಾ, ಇದು ಹಾಳಾಗಿದ್ಯಾ?’
ಅದರ ಗಲ್ಲದ ಐಸ್‌ಕ್ರೀಮ್ ಒರೆಸುತ್ತ ಅಪ್ಪ,
‘ಇಲ್ಲ, ನಿಲ್ಸಿದಾರೆ.’
ಆ ಎರಡು ಮಾತಿನ ನಡುವೆ
ದೇವಗಡದ ದೀಪ ಹೊತ್ತುವವರೆಗೂ ನಿಂತೆ.

ಜೂನ್ ಬಂತು. ಬೋಟು ಕಡಲಿಗಿಳಿಯಬಾರದೆಂದು ಸರಕಾರದ ಆದೇಶ.
ಬಂದರಿನಲ್ಲಿ ಮೈಗೆ ಮೈ ತಾಗಿಸಿ ನಿಂತವುಗಳ ಮೇಲೆ
ನೀಲಿ ತಾಡಪತ್ರಿ, ತೆಂಗಿನ ಗರಿ.
ಅವಕ್ಕೆ ಏನಾಯಿತೆಂದು ಯಾರೂ ಕೇಳುವುದಿಲ್ಲ.
ಉಮಾಕಾಂತ ಮಾಮ, ಮೂವತ್ತು ವರ್ಷದ ತಾಂಡೇಲ,
ಬಲೆ ಹರವಿಕೊಂಡು ಕೂತಿದ್ದ.
ಬೆನ್ನಿನ ಸುದ್ದಿ ಅವನಿಗೂ ಮುಟ್ಟಿತ್ತು.
ಸೂಜಿ ನನ್ನ ಕೈಗಿತ್ತ, ಹರಿದ ಕಣ್ಣು ತೋರಿಸಿದ.
ಅರ್ಧ ಗಂಟೆ ಮಾತಿಲ್ಲ.
ಆಮೇಲೆ, ಬಲೆಗೇ ಹೇಳುವವನಂತೆ:
‘ಆ ತುಫಾನಿನ ವರ್ಷ ಎರಡು ತಿಂಗಳು ನಾ ಬೋಟು ಹತ್ಲಿಲ್ಲ.
ಇಂಜಿನ್ ಕೆಟ್ಟಿದೆ ಅಂದೆ ಎಲ್ರಿಗೂ.
ಇಂಜಿನ್ ಸಮಾ ಇತ್ತು.’

ನಾನು ಗಂಟು ಬಿಗಿದೆ. ಜಾರಿತು.
ಅವನು ಬಿಚ್ಚಿ ಕೊಟ್ಟ. ಮತ್ತೆ ಬಿಗಿದೆ.
‘ಮಾಮ, ನನ್ನ ಬೆನ್ನೂ ಸಮಾ ಇದೆ.’
‘ಗೊತ್ತು ಮಾರಾಯ್ತಿ,’ ಅಂದ,
‘ಆ ಎಣ್ಣೆ ಒಂದು ಬಾಟ್ಲಿ ಇತ್ಲಾಗೆ ಕೊಡು,
ನನ್ನ ಮೊಣಕಾಲಿಗಾಯ್ತು.’

ಆಗಸ್ಟಿನಲ್ಲಿ ಬೋಟುಗಳು ಇಳಿಯುತ್ತವೆ.
ನನ್ನದು ಯಾವಾಗೆಂದು ಬೋರ್ಡು ಹೇಳಿಲ್ಲ,
ಹೇಳದೆಯೂ ಇರಬಹುದು.
ತರಬೇತಿ ಸಾಲದ ಹದಿನಾಲ್ಕು ಕಂತು ಬಾಕಿ.
ಆದರೂ ಮೊನ್ನೆ ಐದು ತಾಸು ನಿದ್ದೆ ಬಂತು, ಒಂದೇ ಎಳೆಯಲ್ಲಿ,
ಎದ್ದಾಗ ಊರಿನ ಹೆಸರು ಗೊತ್ತಿತ್ತು.

ನಿನ್ನೆ ರಾತ್ರಿ ಮಳೆ ಹಿಡಿಯುವ ಮುನ್ನ
ಗೋವೆಗೆ ಇಳಿಯಲಿದ್ದ ವಿಮಾನವೊಂದು
ಸದಾಶಿವಗಡದಾಚೆ ದೀಪ ಮಿಣುಕಿಸಿ ಹೋಯಿತು.
ಒಳಗೆ ಮುಂದೆ ಕೂತ ಇಬ್ಬರು ನೆನಪಾದರು.
ಒಬ್ಬರು ‘ಕಾಫಿ?’ ಅಂದಿರಬಹುದು.
ಇನ್ನೊಬ್ಬರು ಏನಂದರೋ.