ಜೇಡಿ ಒಣಗುವ ಮುನ್ನ

ಬೇಗ ಹೇಳು, ಬೆಲೆಸ್ಸುನು,
ಜವೆಗೋದಿ ಎಷ್ಟು, ಕೊಟ್ಟಿದ್ದು ಯಾರಿಗೆ?
ವರ್ಷ ನಾನೇ ಹಾಕುತ್ತೇನೆ:
ನೂರ ಎಪ್ಪತ್ತು, ಅಂದರೆ ಇನ್ನೂರ ಮೂವತ್ತನಾಲ್ಕು.

ನಗಬೇಡ. ಬ್ಯಾಬಿಲೋನಿನಲ್ಲಿ ಈಗ ಹೀಗೇ.
ಒಂದು ಇರುವ ಅರಸರ ಲೆಕ್ಕ, ಇನ್ನೊಂದು ಹೋದವರದು.
ಅವರು ಹೋದರು, ಎಣಿಕೆ ಹೋಗಲೊಲ್ಲದು,
ಬಿಟ್ಟುಹೋದ ಮನೆಯ ಗೋಡೆಗಂಟಿದ ಒಲೆಯ ಮಸಿಯ ಹಾಗೆ.

ಎಣ್ಣೆ ಮಾರುವ ಆ ಗ್ರೀಕನನ್ನು ಕೇಳು,
ಇದೇ ವರ್ಷವನ್ನು ಒಲಿಂಪಿಯದ ಓಟದಿಂದ ಎಣಿಸುತ್ತಾನೆ:
ನೂರ ಎಪ್ಪತ್ತೈದನೆಯ ಆಟ, ಮೂರನೆಯ ವರ್ಷ.
ಪಡುವಣದಲ್ಲಿ ರೋಮ್ ಅಂತ ಒಂದು ಊರಂತೆ,
ಅಲ್ಲಿ ವರ್ಷಕ್ಕೆ ಇಬ್ಬರು ಗಂಡಸರ ಹೆಸರಂತೆ,
ವರ್ಷ ತೀರಿದರೆ ಇಬ್ಬರೂ ಮನೆಗೆ.

ನೀನು ನಗಲಿಲ್ಲ ಈ ಸಲ.
ನನ್ನ ಕಿರಿಯವಳು ಹೋದದ್ದು ಯಾವ ವರ್ಷ, ಅಂದೆ.
ಯೂಫ್ರಟೀಸ್ ಇಟ್ಟಿಗೆಗೂಡಿಗೆ ನುಗ್ಗಿತ್ತಲ್ಲ,
ಅವಳ ಮುಂದಿನ ಹಲ್ಲು ಆಗಷ್ಟೇ ಬಿದ್ದಿತ್ತು.

ಬೆರಳು ಮಡಿಸಿ ಹಿಂದಕ್ಕೆ ಹೋದೆ.
ನೂರ ಅರವತ್ತೊಂದು. ಅಂದರೆ...
ಕೈ ಅಡ್ಡ ಹಿಡಿದೆ ನೀನು: ಒಂದು ಸಾಕು.

ಸರಿ. ಮುದ್ರೆಯಿಲ್ಲ ನಿನ್ನಲ್ಲಿ,
ಹೆಬ್ಬೆರಳ ಉಗುರು ಒತ್ತು, ಇಲ್ಲಿ, ಅಂಚಿಗೆ.
ಎರಡು ಅಂಕಿಗಳ ಪಕ್ಕ
ಬಿದಿಗೆಯ ಚಂದ್ರನಷ್ಟು ತಗ್ಗು.

ಬಿಸಿಲಿಗಿಡುತ್ತೇನೆ ಇನ್ನು.
ಹನ್ನೆರಡು ಕೊಳಗ ಅಂದೆಯಲ್ಲ?